ಬೀಟಾ ಕ್ಷಯದ ಲೆಕ್ಕದಲ್ಲಿ ನ್ಯೂಕ್ಲಿಯಸ್ಸಿನ ಪಾಲು

ಕಣಭೌತಶಾಸ್ತ್ರದ ಪ್ರಮಿತ ಮಾದರಿಯ ಪ್ರಕಾರ ಮೂರು ನಿರ್ದಿಷ್ಟ ಸಂಖ್ಯೆಗಳ ವರ್ಗಗಳನ್ನು ಕೂಡಿದರೆ ಮೊತ್ತ ಕರಾರುವಾಕ್ಕಾಗಿ ಒಂದು ಆಗಬೇಕು. ಈಗ ಲಭ್ಯವಿರುವ ಅಳತೆಗಳನ್ನು ಕೂಡಿದರೆ ಬರುವುದು ಸುಮಾರು 0.9985. ಕೊರತೆ ಸಾವಿರಕ್ಕೆ ಒಂದೂವರೆ ಪಾಲು, ಅಳತೆಯ ಅನಿಶ್ಚಿತತೆ ಸಾವಿರಕ್ಕೆ ಸುಮಾರು 0.7 ಪಾಲು. ಅಂದರೆ ಕೊರತೆಯು ಅನಿಶ್ಚಿತತೆಯ ಎರಡು ಪಟ್ಟಿಗಿಂತ ತುಸು ಹೆಚ್ಚಾಗಿದ್ದು, ಕಡೆಗಣಿಸಲು ಆಗದಷ್ಟು ದೊಡ್ಡದೂ ಹೊಸ ಶೋಧವೆಂದು ಸಾರಲು ಸಾಲದಷ್ಟು ಚಿಕ್ಕದೂ ಆಗಿದೆ. ಅದು ನಿಜವಾಗಿದ್ದರೆ ಇದುವರೆಗೆ ಯಾವ ವೇಗವರ್ಧಕದಲ್ಲಿಯೂ ಕಾಣಿಸದ ಕಣವೊಂದು ಅದರ ಹಿಂದೆ ಇರಬಹುದು. ನಿಜವಲ್ಲದಿದ್ದರೆ ಲೆಕ್ಕದ ಯಾವುದೋ ಹಂತದಲ್ಲಿ ಒಂದು ತಿದ್ದುಪಡಿ ತಪ್ಪಿದೆ. ಈ ಮೊತ್ತದ ಶೇಕಡ 95ರಷ್ಟನ್ನು ಒದಗಿಸುವ ಸಂಖ್ಯೆಯು ಬೃಹತ್ ವೇಗವರ್ಧಕಗಳ ಡಿಕ್ಕಿಗಳಿಂದ ದೊರೆತದ್ದಲ್ಲ, ಕಾರ್ಬನ್, ಆಕ್ಸಿಜನ್, ಅಲ್ಯೂಮಿನಿಯಂ, ವನೇಡಿಯಂ ಮೊದಲಾದ ಧಾತುಗಳ ಅಲ್ಪಾಯುಷಿ ಐಸೋಟೋಪುಗಳ ಬೀಟಾ ಕ್ಷಯದಿಂದ ದೊರೆತದ್ದು. ಆದ್ದರಿಂದ ಪ್ರಕೃತಿಯ ಮೂಲ ನಿಯಮವೊಂದರ ಕುರಿತ ಈ ಪ್ರಶ್ನೆಗೆ ಉತ್ತರ ಹೇಳುವ ಮೊದಲು, ಹತ್ತಾರು ಪ್ರೋಟಾನು ಮತ್ತು ನ್ಯೂಟ್ರಾನುಗಳು ಒತ್ತೊತ್ತಾಗಿ ಸೇರಿರುವ ನ್ಯೂಕ್ಲಿಯಸ್ಸಿನ ಒಳರಚನೆಯು ಆ ಉತ್ತರದಲ್ಲಿ ಎಷ್ಟು ಬೆರೆತಿದೆ ಎಂಬುದನ್ನು ಬೇರ್ಪಡಿಸಿ ನೋಡಬೇಕಾಗುತ್ತದೆ.

ಬೀಟಾ ಕ್ಷಯವೆಂದರೆ ನ್ಯೂಕ್ಲಿಯಸ್ಸಿನೊಳಗಿನ ನ್ಯೂಟ್ರಾನು ಪ್ರೋಟಾನಾಗಿ, ಇಲ್ಲವೇ ಪ್ರೋಟಾನು ನ್ಯೂಟ್ರಾನಾಗಿ ಮಾರ್ಪಟ್ಟು, ಆ ಮಾರ್ಪಾಡಿನಲ್ಲಿ ಎಲೆಕ್ಟ್ರಾನು ಅಥವಾ ಅದರ ಪ್ರತಿಕಣವಾದ ಪಾಸಿಟ್ರಾನು ಹೊರಬೀಳುವ ಕ್ರಿಯೆ. ಹೊರಬಿದ್ದ ಎಲೆಕ್ಟ್ರಾನಿನ ಶಕ್ತಿಯು ನಿಶ್ಚಿತ ಬೆಲೆಯದಾಗಿರದೆ ಅಖಂಡವಾಗಿ ಹರಡಿಕೊಂಡಿರುತ್ತದೆ ಎಂಬುದನ್ನು 1914ರಲ್ಲಿ ಜೇಮ್ಸ್ ಚಾಡ್ವಿಕ್ ತೋರಿಸಿದರು. ಉಳಿದ ಶಕ್ತಿಯನ್ನು ಕಣ್ಣಿಗೆ ಬೀಳದ ತಟಸ್ಥ ಕಣವೊಂದು ಒಯ್ಯುತ್ತದೆಂದು 1930ರಲ್ಲಿ ವೂಲ್ಫ್‌ಗಾಂಗ್ ಪೌಲಿ ಊಹಿಸಿದರು. ಮುಂದೆ ನ್ಯೂಟ್ರಿನೋ ಎನಿಸಿದ ಆ ಕಣವನ್ನು ಒಳಗೊಂಡ ಸಿದ್ಧಾಂತವನ್ನು ಎನ್ರಿಕೊ ಫರ್ಮಿ 1934ರಲ್ಲಿ ಪ್ರಕಟಿಸಿದರು. ಈ ಕ್ರಿಯೆಯನ್ನು ನಡೆಸುವ ಬಲಕ್ಕೆ ದುರ್ಬಲ ಬಲವೆಂದು ಹೆಸರು. ಎಡ ಮತ್ತು ಬಲಗಳ ನಡುವೆ ಪ್ರಕೃತಿ ಭೇದ ಮಾಡುವುದಿಲ್ಲವೆಂಬ ನಂಬಿಕೆಯನ್ನು 1957ರಲ್ಲಿ ಚಿಯೆನ್ ಶುಂಗ್ ವೂ ಅವರ ತಂಡ ಕೋಬಾಲ್ಟ್-60ರ ಬೀಟಾ ಕ್ಷಯವನ್ನು ಅಳೆದು ಮುರಿದದ್ದೂ, ಅದೇ ವರ್ಷ ರಾಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಕೇರಳ ಮೂಲದ ಇ. ಸಿ. ಜಿ. ಸುದರ್ಶನ್ ಮತ್ತು ರಾಬರ್ಟ್ ಮಾರ್ಷಾಕ್ ಅವರು ದುರ್ಬಲ ಬಲದ ರೂಪವು ಸದಿಶ ಹಾಗೂ ಅಕ್ಷೀಯ ಎಂಬ ಎರಡು ಬಗೆಯ ಪ್ರವಾಹಗಳ ವ್ಯತ್ಯಾಸವೆಂದು ನಿರೂಪಿಸಿದ್ದೂ ಈ ಕ್ಷಯದ ಚರಿತ್ರೆಯ ಎರಡು ಮೈಲಿಗಲ್ಲುಗಳು. ಆ ನಿರೂಪಣೆಗೆ ವಿರುದ್ಧವಾಗಿ ಆಗ ಹೀಲಿಯಂ-6ರ ಮೇಲೆ 1953ರಲ್ಲಿ ನಡೆದ ಪ್ರಯೋಗವೊಂದು ನಿಂತಿತ್ತು. ಅದು ಟೆನ್ಸರ್ ಎಂಬ ಬೇರೆಯ ಬಗೆಯ ಪ್ರವಾಹದ ಕಡೆಗೆ ಬೆರಳು ತೋರಿಸಿತ್ತು. ಆ ಪ್ರಯೋಗವೂ ಅದರಂತಹ ಇನ್ನು ಕೆಲವೂ ತಪ್ಪಿರಬೇಕೆಂದು ಸುದರ್ಶನ್ ಮತ್ತು ಮಾರ್ಷಾಕ್ ವಾದಿಸಿದರು, ಮುಂದಿನ ಅಳತೆಗಳು ಅವರ ಮಾತನ್ನೇ ಎತ್ತಿಹಿಡಿದವು. ಬೀಟಾ ಕ್ಷಯದ ಒಂದೇ ಅಳತೆಯನ್ನು ನಂಬಿ ಮೂಲ ನಿಯಮವನ್ನು ನಿರ್ಣಯಿಸುವುದರ ಅಪಾಯ ಹೀಗೆ ಈ ಕ್ಷೇತ್ರಕ್ಕೆ ಮೊದಲಿನಿಂದಲೂ ಪರಿಚಿತ.

ಮೂರು ಸಂಖ್ಯೆಗಳ ಮೊತ್ತದ ನಿಯಮ ಹುಟ್ಟಿದ್ದು ಕ್ವಾರ್ಕುಗಳ ಬೆರಕೆಯಿಂದ. ಪ್ರೋಟಾನು ಮತ್ತು ನ್ಯೂಟ್ರಾನುಗಳು ಅಪ್ ಹಾಗೂ ಡೌನ್ ಎಂಬ ಕ್ವಾರ್ಕುಗಳಿಂದ ಆಗಿದ್ದು, ಬೀಟಾ ಕ್ಷಯದಲ್ಲಿ ಮೂಲತಃ ನಡೆಯುವುದು ಇವೆರಡರ ನಡುವಿನ ಮಾರ್ಪಾಡು. ಆದರೆ ಅಪ್ ಕ್ವಾರ್ಕು ದುರ್ಬಲ ಬಲದ ಮೂಲಕ ಡೌನ್ ಒಂದರೊಡನೆ ಮಾತ್ರವಲ್ಲದೆ ಸ್ಟ್ರೇಂಜ್ ಮತ್ತು ಬಾಟಮ್ ಎಂಬ ಹೆಚ್ಚು ಭಾರದ ಕ್ವಾರ್ಕುಗಳೊಡನೆಯೂ ಸಂಬಂಧ ಇಟ್ಟುಕೊಂಡಿದೆ. ನಿಕೋಲಾ ಕಬಿಬ್ಬೊ 1963ರಲ್ಲಿ ಮೊದಲಿಟ್ಟು, ಮಕೋಟೊ ಕೊಬಯಾಶಿ ಮತ್ತು ತೊಶಿಹಿದೆ ಮಸ್ಕಾವಾ 1973ರಲ್ಲಿ ಮೂರು ಪೀಳಿಗೆಗಳಿಗೆ ವಿಸ್ತರಿಸಿದ ಕೋಷ್ಟಕವು ಈ ಸಂಬಂಧಗಳ ಪ್ರಮಾಣವನ್ನು ಹೇಳುತ್ತದೆ. ಒಂದು ಕ್ವಾರ್ಕಿನ ದುರ್ಬಲ ಬಲದ ಒಟ್ಟು ಶಕ್ತಿ ಮೂರು ಪಾಲಾಗಿ ಹಂಚಿಹೋಗುವುದರಿಂದ ಪಾಲುಗಳ ವರ್ಗಗಳ ಮೊತ್ತ ಒಂದಾಗಲೇಬೇಕು. ಆಗದಿದ್ದರೆ ನಾಲ್ಕನೆಯ ಪಾಲುದಾರನೊಬ್ಬ ಇದ್ದಾನೆ, ಇಲ್ಲವೇ ಬೀಟಾ ಕ್ಷಯದಲ್ಲಿ ಬೇರೊಂದು ಬಲವೂ ಕೈಯಾಡಿಸುತ್ತಿದೆ ಎಂದರ್ಥ. ಅಪ್ ಮತ್ತು ಡೌನ್ ನಡುವಣ ಪಾಲನ್ನು ವಿ-ಯುಡಿ ಎಂದು ಕರೆಯುತ್ತಾರೆ, ಅದರ ಬೆಲೆ ಸುಮಾರು 0.9737. ಸ್ಟ್ರೇಂಜ್ ಜೊತೆಗಿನ ಪಾಲು ಸುಮಾರು 0.224 ಆಗಿದ್ದು ಕೇಆನ್ ಎಂಬ ಕಣಗಳ ಕ್ಷಯದಿಂದ ತಿಳಿದುಬರುತ್ತದೆ. ಬಾಟಮ್ ಜೊತೆಗಿನ ಪಾಲು 0.004ಕ್ಕಿಂತ ಕಡಿಮೆಯಿರುವುದರಿಂದ ಅದರ ವರ್ಗ ಈ ಮೊತ್ತದಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಮೊತ್ತದ ಅನಿಶ್ಚಿತತೆಯಲ್ಲಿಯೂ ದೊಡ್ಡ ಪಾಲು ವಿ-ಯುಡಿಯದೇ.

ವಿ-ಯುಡಿಯನ್ನು ಅಳೆಯಲು ನೂರಾರು ಬೀಟಾ ಕ್ಷಯಗಳಲ್ಲಿ ಒಂದು ಚಿಕ್ಕ ಗುಂಪನ್ನು ಆರಿಸಿಕೊಂಡದ್ದರ ಹಿಂದೆ ಸ್ಪಷ್ಟವಾದ ಕಾರಣವಿದೆ. ಬೀಟಾ ಕ್ಷಯಗಳಲ್ಲಿ ಎರಡು ಬಗೆ: ಮಾರ್ಪಡುವ ಕಣದ ಸ್ಪಿನ್, ಅಂದರೆ ಅದರ ಒಳಗಿನ ಕೋನೀಯ ಸಂವೇಗ, ಇದ್ದಂತೆಯೇ ಉಳಿದರೆ ಫರ್ಮಿ ಬಗೆ, ಸ್ಪಿನ್ನಿನ ದಿಕ್ಕೂ ಬದಲಾಗಬಹುದಾದರೆ ಗಾಮೊ-ಟೆಲರ್ ಬಗೆ. ಮೊದಲನೆಯದು ಸದಿಶ ಪ್ರವಾಹದ ಕೆಲಸ, ಎರಡನೆಯದು ಅಕ್ಷೀಯ ಪ್ರವಾಹದ ಕೆಲಸ. ಅಕ್ಷೀಯ ಪ್ರವಾಹದ ಬಲ ನ್ಯೂಕ್ಲಿಯಸ್ಸಿನ ಒಳಗೆ ಬದಲಾಗುತ್ತದೆ, ಸದಿಶ ಪ್ರವಾಹದ ಬಲ ಬದಲಾಗುವುದಿಲ್ಲ. ಪ್ರೋಟಾನಿನೊಳಗೆ ಪ್ರಬಲ ಬಲದ ಎಷ್ಟೇ ಗೊಂದಲವಿದ್ದರೂ ಅದರ ವಿದ್ಯುದಾವೇಶವು ಪಾಸಿಟ್ರಾನಿನ ಆವೇಶಕ್ಕೆ ಸರಿಸಮನಾಗಿ ಉಳಿಯುವುದು ಯಾವ ಸಂರಕ್ಷಣಾ ನಿಯಮದಿಂದಲೋ ಅದೇ ಬಗೆಯ ನಿಯಮ ಸದಿಶ ಪ್ರವಾಹವನ್ನೂ ಕಾಯುತ್ತದೆ. ಕ್ಷಯಕ್ಕೆ ಮೊದಲೂ ಅನಂತರವೂ ನ್ಯೂಕ್ಲಿಯಸ್ಸಿನ ಒಟ್ಟು ಸ್ಪಿನ್ ಸೊನ್ನೆಯಾಗಿದ್ದರೆ ಗಾಮೊ-ಟೆಲರ್ ಬಗೆಗೆ ಅವಕಾಶವೇ ಇರುವುದಿಲ್ಲವಾದ್ದರಿಂದ ಅಂತಹ ಕ್ಷಯಗಳಲ್ಲಿ ಶುದ್ಧ ಸದಿಶ ಪ್ರವಾಹವೊಂದೇ ಕಾಣಸಿಗುತ್ತದೆ. ಇವುಗಳಲ್ಲಿಯೂ ತಾಯಿ ಮತ್ತು ಮಗಳು ನ್ಯೂಕ್ಲಿಯಸ್ಸುಗಳ ರಚನೆ ಒಂದು ಪ್ರೋಟಾನು ನ್ಯೂಟ್ರಾನಾದದ್ದನ್ನು ಬಿಟ್ಟರೆ ಪಡಿಯಚ್ಚಿನಂತಿರುವವನ್ನು ಅತ್ಯನುಮತ ಕ್ಷಯಗಳೆಂದು ಕರೆಯಬಹುದು. ಕಾರ್ಬನ್-10ರಿಂದ ರುಬಿಡಿಯಂ-74ರವರೆಗೆ ಹರಡಿರುವ ಇಂತಹ ಕ್ಷಯಗಳಲ್ಲಿ ಹದಿನೈದನ್ನು ಪ್ರಯೋಗಕಾರರು ಸಾವಿರಕ್ಕೆ ಒಂದೆರಡು ಪಾಲಿನಷ್ಟು, ಕೆಲವೆಡೆ ಅದಕ್ಕಿಂತಲೂ ಹೆಚ್ಚಿನ ನಿಖರತೆಯಲ್ಲಿ ಅಳೆದಿದ್ದಾರೆ.

ಪ್ರತಿ ಕ್ಷಯಕ್ಕೂ ಬೇಕಾದ ಅಳತೆಗಳು ಮೂರು. ತಾಯಿ ನ್ಯೂಕ್ಲಿಯಸ್ಸಿನ ಅರ್ಧಾಯು ಮೊದಲನೆಯದು. ಅದು ಆಕ್ಸಿಜನ್-14ಕ್ಕೆ 70 ಸೆಕೆಂಡಿಗಿಂತ ತುಸು ಹೆಚ್ಚಿದ್ದರೆ ರುಬಿಡಿಯಂ-74ಕ್ಕೆ ಸೆಕೆಂಡಿನ ಸಾವಿರದ 65 ಭಾಗ ಮಾತ್ರ. ಕ್ಷಯಗಳಲ್ಲಿ ಎಷ್ಟು ಪಾಲು ಬೇಕಾದ ಮಟ್ಟಕ್ಕೇ ಹೋಗುತ್ತದೆ ಎಂಬುದು ಎರಡನೆಯದು. ಕಾರ್ಬನ್-10ರಲ್ಲಿ ಈ ಪಾಲು ಶೇಕಡ ಒಂದೂವರೆಗೂ ಕಡಿಮೆಯಾದರೆ, ರುಬಿಡಿಯಂ-74ರಂತಹ ಭಾರದ ನ್ಯೂಕ್ಲಿಯಸ್ಸುಗಳಲ್ಲಿ ಒಂದೊಂದಾಗಿ ಹಿಡಿಯಲಾಗದಷ್ಟು ಕ್ಷೀಣವಾದ ಅಡ್ಡದಾರಿಗಳು ಹಲವಾರು ಇದ್ದು, ಅವೆಲ್ಲ ಸೇರಿ ಎಷ್ಟಾಗುತ್ತವೆ ಎಂಬುದನ್ನು ರಚನೆಯ ಮಾದರಿಗಳ ನೆರವಿನಿಂದ ಅಂದಾಜು ಮಾಡಬೇಕಾಗುತ್ತದೆ. ಕ್ಷಯದಲ್ಲಿ ಬಿಡುಗಡೆಯಾಗುವ ಶಕ್ತಿ ಮೂರನೆಯದು; ಕ್ಷಯದ ವೇಗವು ಈ ಶಕ್ತಿಯ ಸರಿಸುಮಾರು ಐದನೆಯ ಘಾತದಂತೆ ಏರುವುದರಿಂದ ಶಕ್ತಿಯ ಅಳತೆಯಲ್ಲಿನ ಸಣ್ಣ ತಪ್ಪು ಐದು ಪಟ್ಟಾಗಿ ಫಲಿತಾಂಶಕ್ಕೆ ಇಳಿಯುತ್ತದೆ. ಈ ಮೂರರಿಂದ ದೊರೆಯುವ ಎಫ್‌ಟಿ ಮೌಲ್ಯವೆಂಬ ಸಂಖ್ಯೆಯು, ಶಕ್ತಿಯ ವ್ಯತ್ಯಾಸದ ಪರಿಣಾಮವನ್ನು ಕಳೆದುಹಾಕಿದ ಮೇಲಿನ ಅರ್ಧಾಯು ಎನ್ನಬಹುದು. ಸದಿಶ ಪ್ರವಾಹದ ಬಲ ಎಲ್ಲೆಡೆ ಒಂದೇ ಆದರೆ ಈ ಎಫ್‌ಟಿ ಮೌಲ್ಯವೂ ಎಲ್ಲ ಹದಿನೈದರಲ್ಲಿ ಒಂದೇ ಆಗಬೇಕು, ಆ ಒಂದು ಸಂಖ್ಯೆಯಿಂದ ವಿ-ಯುಡಿ ನೇರವಾಗಿ ಸಿಗಬೇಕು.

ಅಳೆದಾಗ ಸಿಗುವುದು ಒಂದೇ ಸಂಖ್ಯೆಯಲ್ಲ. ಅಲ್ಯೂಮಿನಿಯಂ-26ರ ಎಫ್‌ಟಿ ಮೌಲ್ಯ ಸುಮಾರು 3037 ಸೆಕೆಂಡು, ರುಬಿಡಿಯಂ-74ರದ್ದು ಸುಮಾರು 3083 ಸೆಕೆಂಡು. ಇವುಗಳ ಅಂತರ ಶೇಕಡ ಒಂದೂವರೆ, ಅಂದರೆ ಮೊದಲು ಹೇಳಿದ ಕೊರತೆಯ ಹತ್ತು ಪಟ್ಟು. ಈ ಅಂತರವನ್ನು ಹುಟ್ಟಿಸುವುದು ದುರ್ಬಲ ಬಲವಲ್ಲ, ನ್ಯೂಕ್ಲಿಯಸ್ಸಿನ ರಚನೆ ಹಾಗೂ ವಿದ್ಯುತ್ಕಾಂತೀಯ ಪರಿಣಾಮಗಳು. ಆದಕಾರಣ ಮೂರು ತಿದ್ದುಪಡಿಗಳು ಅನಿವಾರ್ಯವಾಗುತ್ತವೆ. ಹೊರಬೀಳುವ ಪಾಸಿಟ್ರಾನು ಫೋಟಾನುಗಳನ್ನು ಸೂಸುವುದರಿಂದ ಬರುವ ತಿದ್ದುಪಡಿಗೆ ನ್ಯೂಕ್ಲಿಯಸ್ಸಿನ ಆವೇಶವೂ ಕ್ಷಯದ ಶಕ್ತಿಯೂ ತಿಳಿದಿದ್ದರೆ ಸಾಕು, ಅದರ ಬಗ್ಗೆ ವಿವಾದ ಕಡಿಮೆ. ಉಳಿದ ಎರಡು ತಿದ್ದುಪಡಿಗಳು ನ್ಯೂಕ್ಲಿಯಸ್ಸಿನ ಒಳರಚನೆಯನ್ನು ಅವಲಂಬಿಸಿವೆ, ಚರ್ಚೆಯೆಲ್ಲ ಕೇಂದ್ರೀಕರಿಸಿರುವುದು ಅವುಗಳ ಮೇಲೆ.

ಅವುಗಳಲ್ಲಿ ಮೊದಲನೆಯದು ಐಸೋಸ್ಪಿನ್ ಸಮಮಿತಿಯ ಭಂಗಕ್ಕೆ ಸಂಬಂಧಿಸಿದ್ದು. ಪ್ರಬಲ ಬಲದ ದೃಷ್ಟಿಯಲ್ಲಿ ಪ್ರೋಟಾನು ಮತ್ತು ನ್ಯೂಟ್ರಾನುಗಳು ಒಂದೇ ಕಣದ ಎರಡು ಅವಸ್ಥೆಗಳೆಂಬ ವಿಚಾರವನ್ನು 1932ರಲ್ಲಿ ವರ್ನರ್ ಹೈಸನ್‌ಬರ್ಗ್ ಮುಂದಿಟ್ಟರು. ಆ ಸಮಾನತೆಗೆ ಐಸೋಸ್ಪಿನ್ ಸಮಮಿತಿಯೆಂದು ಹೆಸರು. ಅದು ಪರಿಪೂರ್ಣವಾಗಿದ್ದರೆ ತಾಯಿ ಮತ್ತು ಮಗಳು ನ್ಯೂಕ್ಲಿಯಸ್ಸುಗಳ ತರಂಗಫಲನಗಳು ಒಂದರ ಮೇಲೊಂದು ಪೂರ್ತಿಯಾಗಿ ಹೊಂದಿಕೊಳ್ಳುತ್ತಿದ್ದವು. ಆದರೆ ಪ್ರೋಟಾನುಗಳು ಪರಸ್ಪರ ವಿಕರ್ಷಿಸುವುದರಿಂದ ಕ್ಷಯಿಸಲಿರುವ ಪ್ರೋಟಾನು ತುಸು ಸಡಿಲವಾಗಿ ಬಂಧಿತವಾಗಿದ್ದು ಅದರ ತರಂಗಫಲನ ಹೊರಕ್ಕೆ ಚಾಚಿಕೊಂಡಿರುತ್ತದೆ, ಅದರ ಸ್ಥಾನಕ್ಕೆ ಬರುವ ನ್ಯೂಟ್ರಾನು ಹೆಚ್ಚು ಬಿಗಿಯಾಗಿ ಬಂಧಿತವಾಗಿರುತ್ತದೆ. ಈ ಎರಡರ ಹೊಂದಾಣಿಕೆ ಪೂರ್ಣವಾಗಿರದ ಕಾರಣ ಕ್ಷಯ ತುಸು ನಿಧಾನವಾಗುತ್ತದೆ; ಜೊತೆಗೆ ಅದೇ ಸ್ಪಿನ್ನಿನ ಬೇರೆ ಮಟ್ಟಗಳು ಅಲ್ಪಪ್ರಮಾಣದಲ್ಲಿ ಬೆರೆತು ಇನ್ನಷ್ಟು ಸೋರಿಕೆಯಾಗುತ್ತದೆ. ಸಮಮಿತಿಯ ಭಂಗ ಚಿಕ್ಕದಾಗಿದ್ದರೆ ಅದರ ಪರಿಣಾಮ ಭಂಗದ ವರ್ಗದಷ್ಟು ಮಾತ್ರ ಇರುತ್ತದೆಂಬ ಪ್ರಮೇಯವೊಂದಿದ್ದು, ಈ ತಿದ್ದುಪಡಿ ಹತೋಟಿಯಲ್ಲಿರುವುದು ಅದರಿಂದಲೇ. ಹಗುರ ನ್ಯೂಕ್ಲಿಯಸ್ಸುಗಳಲ್ಲಿ ಇದರ ಗಾತ್ರ ಶೇಕಡ 0.2ರ ಆಸುಪಾಸಿನಲ್ಲಿದ್ದು ರುಬಿಡಿಯಂ-74ರಲ್ಲಿ ಶೇಕಡ ಒಂದೂವರೆಯ ಹತ್ತಿರಕ್ಕೆ ಏರುತ್ತದೆ.

ಈ ಅಳತೆಗಳನ್ನೆಲ್ಲ ಒಟ್ಟುಗೂಡಿಸಿ ವಿಮರ್ಶಿಸುವ ಕೆಲಸವನ್ನು 1973ರಿಂದ ಹಲವು ದಶಕಗಳ ಕಾಲ ಮುಂದುವರಿಸಿಕೊಂಡು ಬಂದವರು ಜಾನ್ ಹಾರ್ಡಿ ಮತ್ತು ಇಯಾನ್ ಟೌನರ್. ಅವರ 2015ರ ಸಮೀಕ್ಷೆಯ ಪ್ರಕಾರ ತಿದ್ದುಪಡಿಗಳ ನಂತರ ಎಲ್ಲ ಎಫ್‌ಟಿ ಮೌಲ್ಯಗಳೂ 3072.27 ಸೆಕೆಂಡಿನ ಸುತ್ತ ಒಂದುಗೂಡಿದವು, ಸರಾಸರಿಯ ಅನಿಶ್ಚಿತತೆ ಒಂದು ಸೆಕೆಂಡಿಗೂ ಕಡಿಮೆಯಾಗಿ 0.72 ಸೆಕೆಂಡು ಮಾತ್ರವಿತ್ತು. ಶೇಕಡ ಒಂದೂವರೆಯಷ್ಟು ಚದುರಿದ್ದ ಸಂಖ್ಯೆಗಳು ಪ್ರತಿ ನ್ಯೂಕ್ಲಿಯಸ್ಸಿಗೂ ಬೇರೆಬೇರೆಯಾಗಿ ಲೆಕ್ಕಹಾಕಿದ ತಿದ್ದುಪಡಿಯ ನಂತರ ಒಂದೇ ಗೆರೆಗೆ ಬಂದದ್ದು ಸಾಮಾನ್ಯ ಸಾಧನೆಯಲ್ಲ. ಸದಿಶ ಪ್ರವಾಹದ ಸಂರಕ್ಷಣೆಗೆ ಅದು ಪುರಾವೆಯಾದಂತೆ ರಚನೆಯ ಮಾದರಿಗೂ ಪುರಾವೆಯಾಯಿತು.

ಆ ಗೆರೆ ಒಮ್ಮೆ ಕದಡಿದ ಪ್ರಸಂಗವು ರಚನೆಯ ಮಹತ್ವವನ್ನು ಚೆನ್ನಾಗಿ ತೋರಿಸುತ್ತದೆ. ಅಯಾನುಗಳನ್ನು ವಿದ್ಯುತ್ ಮತ್ತು ಕಾಂತಕ್ಷೇತ್ರಗಳಲ್ಲಿ ತಡೆದಿಟ್ಟು ಅವುಗಳ ಸುತ್ತಾಟದ ಆವರ್ತಾಂಕದಿಂದ ರಾಶಿಯನ್ನು ತಿಳಿಯುವ ಪೆನ್ನಿಂಗ್ ಬಲೆಯೆಂಬ ಉಪಕರಣವನ್ನು ಬಳಸಿ ಅಮೆರಿಕದ ಆರ್ಗಾನ್ ರಾಷ್ಟ್ರೀಯ ಪ್ರಯೋಗಾಲಯದಲ್ಲಿ ವನೇಡಿಯಂ-46ರ ಕ್ಷಯಶಕ್ತಿಯನ್ನು ಅಳೆದ ತಂಡವು, ಅದು ಹಿಂದಿನ ಅಂಗೀಕೃತ ಬೆಲೆಗಿಂತ ಸುಮಾರು ಎರಡು ಕಿಲೋ ಎಲೆಕ್ಟ್ರಾನ್‌ವೋಲ್ಟ್ ಹೆಚ್ಚಿದೆಯೆಂದು 2005ರಲ್ಲಿ ಪ್ರಕಟಿಸಿತು. ಫಿನ್ಲೆಂಡಿನ ಯುವಾಸ್ಕುಲಾದ ತಂಡ ಮರುವರ್ಷವೇ ಅದನ್ನು ದೃಢಪಡಿಸಿತು. ಏಳು ಸಾವಿರ ಕಿಲೋ ಎಲೆಕ್ಟ್ರಾನ್‌ವೋಲ್ಟಿನಲ್ಲಿ ಎರಡರ ವ್ಯತ್ಯಾಸ ಅತ್ಯಲ್ಪವೆನಿಸಿದರೂ ಐದನೆಯ ಘಾತದ ದೆಸೆಯಿಂದ ವನೇಡಿಯಂ-46 ಉಳಿದವುಗಳ ಗೆರೆಯಿಂದ ಹೊರಬಿತ್ತು. ಹಾರ್ಡಿ ಮತ್ತು ಟೌನರ್ 2008ರಲ್ಲಿ ಐಸೋಸ್ಪಿನ್ ತಿದ್ದುಪಡಿಯನ್ನು ಮತ್ತೆ ಲೆಕ್ಕ ಹಾಕಿದಾಗ, ಅದುವರೆಗೆ ಮುಚ್ಚಿದ ತಿರುಳಿನ ಭಾಗವೆಂದು ಬಿಟ್ಟಿದ್ದ ಕೆಲವು ಒಳಕಕ್ಷೆಗಳ ಕಣಗಳೂ ಕ್ಷಯದಲ್ಲಿ ಪಾಲ್ಗೊಳ್ಳುತ್ತವೆ ಎಂಬುದನ್ನು ಸೇರಿಸಿಕೊಂಡರು, ಆಗ ಹೊಂದಾಣಿಕೆ ಮರಳಿ ಬಂತು. ಬೇಕಾದ ಉತ್ತರಕ್ಕೆ ತಕ್ಕಂತೆ ಲೆಕ್ಕವನ್ನು ಬಾಗಿಸಿದಂತಾಯಿತೆ ಎಂಬ ಸಂದೇಹ ಇಲ್ಲಿ ಸಹಜ. ಆದರೆ ಯಾವ ಒಳಕಕ್ಷೆಗಳನ್ನು ಸೇರಿಸಬೇಕೆಂಬ ತೀರ್ಮಾನಕ್ಕೆ ಆಧಾರವಾದದ್ದು ಬೀಟಾ ಕ್ಷಯವಲ್ಲ, ನ್ಯೂಕ್ಲಿಯಸ್ಸಿನಿಂದ ನ್ಯೂಟ್ರಾನನ್ನು ಕಿತ್ತು ತೆಗೆಯುವ ಬೇರೆಯೇ ಪ್ರಯೋಗಗಳ ಮಾಹಿತಿ. ಹಾಗಾಗಿ ಆ ತಿದ್ದುಪಡಿಗೆ ಸ್ವತಂತ್ರವಾದ ನೆಲೆಯಿತ್ತು.

ರಚನೆಯ ಮಾದರಿಗಳನ್ನೇ ಪರೀಕ್ಷೆಗೊಡ್ಡುವ ಇನ್ನೊಂದು ದಾರಿ ಕನ್ನಡಿ ಜೋಡಿಗಳದ್ದು. ಕ್ಯಾಲ್ಸಿಯಂ-38 ಕ್ಷಯಿಸಿ ಪೊಟ್ಯಾಸಿಯಂ-38 ಆಗುವುದೂ ಪೊಟ್ಯಾಸಿಯಂ-38 ಕ್ಷಯಿಸಿ ಆರ್ಗಾನ್-38 ಆಗುವುದೂ ಒಂದರ ಪ್ರತಿಬಿಂಬ ಇನ್ನೊಂದು ಎನ್ನುವಂತಿದ್ದು, ಇವೆರಡರ ಎಫ್‌ಟಿ ಮೌಲ್ಯಗಳ ಅನುಪಾತವು ಒಂದಕ್ಕಿಂತ ಎಷ್ಟು ಹೆಚ್ಚು ಎಂಬುದು ಬಹುತೇಕ ಸಮಮಿತಿಯ ಭಂಗವನ್ನೇ ಅವಲಂಬಿಸಿದೆ. ಪ್ರೋಟಾನು ಮತ್ತು ನ್ಯೂಟ್ರಾನುಗಳ ತರಂಗಫಲನಗಳನ್ನು ಪಡೆಯಲು ವುಡ್ಸ್-ಸ್ಯಾಕ್ಸನ್ ಎಂಬ ನಿಗದಿತ ಆಕಾರದ ವಿಭವವನ್ನು ಬಳಸುವ ಪದ್ಧತಿಗೂ, ಕಣಗಳು ಪರಸ್ಪರ ನಿರ್ಮಿಸಿಕೊಳ್ಳುವ ಸರಾಸರಿ ಕ್ಷೇತ್ರವನ್ನು ಬಳಸುವ ಹಾರ್ಟ್ರೀ-ಫಾಕ್ ಪದ್ಧತಿಗೂ ಈ ಅನುಪಾತದಲ್ಲಿ ಭಿನ್ನ ಉತ್ತರಗಳು ಬರುತ್ತವೆ. ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯದಲ್ಲಿ ಕ್ಯಾಲ್ಸಿಯಂ-38ರ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಅಳತೆ ಮೊದಲನೆಯದರ ಕಡೆಗೆ ವಾಲಿತು. ಬೇರೆ ತಂಡಗಳು ಇತರ ಪದ್ಧತಿಗಳಿಂದ ಪಡೆದ ತಿದ್ದುಪಡಿಗಳಲ್ಲಿ ಕೆಲವು ಎಫ್‌ಟಿ ಮೌಲ್ಯಗಳನ್ನು ಒಂದೇ ಗೆರೆಗೆ ತರಲಾರವಾದ್ದರಿಂದ ಅವು ಬದಿಗೆ ಸರಿದವು.

ತಿದ್ದುಪಡಿಗೆ ಬೇಕಾದ ಮಾಹಿತಿಯಲ್ಲಿ ನ್ಯೂಕ್ಲಿಯಸ್ಸಿನ ಆವೇಶ ಹರಡಿರುವ ತ್ರಿಜ್ಯವೂ ಸೇರಿದ್ದು, ಅಲ್ಪಾಯುಷಿ ನ್ಯೂಕ್ಲಿಯಸ್ಸುಗಳಲ್ಲಿ ಅದನ್ನು ಅಳೆಯುವುದು ಕಷ್ಟವಾದ್ದರಿಂದ ನೆರೆಯ ಐಸೋಟೋಪುಗಳ ಬೆಲೆಯಿಂದ ಊಹಿಸುವುದು ರೂಢಿಯಾಗಿತ್ತು. ಆರು ಸೆಕೆಂಡಿಗಿಂತ ತುಸು ಹೆಚ್ಚಿನ ಅರ್ಧಾಯುವಿರುವ ಅಲ್ಯೂಮಿನಿಯಂ-26ರ ಉದ್ರಿಕ್ತ ಮಟ್ಟದ ತ್ರಿಜ್ಯವನ್ನು ಲೇಸರ್ ವಿಧಾನದಿಂದ ಜಿನೀವಾದ ಸರ್ನ್‌ನಲ್ಲಿಯೂ ಯುವಾಸ್ಕುಲಾದಲ್ಲಿಯೂ ಅಳೆದ ತಂಡವು 2023ರಲ್ಲಿ ಪ್ರಕಟಿಸಿದ ಬೆಲೆ 3.130 ಫೆಮ್ಟೊಮೀಟರ್, ಊಹಿಸಿದ್ದ ಬೆಲೆ 3.040. ಒಂದು ಫೆಮ್ಟೊಮೀಟರ್ ಎಂದರೆ ಮೀಟರಿನ ಕೋಟಿ ಕೋಟಿ ಭಾಗದ ಹತ್ತನೆಯ ಒಂದಂಶ. ಅಷ್ಟು ಸಣ್ಣ ಅಂತರವು ಅನಿಶ್ಚಿತತೆಯ ನಾಲ್ಕೂವರೆ ಪಟ್ಟಿನಷ್ಟಿದ್ದು, ಎಲ್ಲಕ್ಕಿಂತ ನಿಖರವಾಗಿ ತಿಳಿದಿದ್ದ ಅಲ್ಯೂಮಿನಿಯಂ-26ರ ತಿದ್ದಿದ ಎಫ್‌ಟಿ ಮೌಲ್ಯವನ್ನು ಅದರ ಅನಿಶ್ಚಿತತೆಯಷ್ಟೇ ದೂರ ಪಕ್ಕಕ್ಕೆ ಸರಿಸಿತು. ಉಳಿದ ನ್ಯೂಕ್ಲಿಯಸ್ಸುಗಳ ಊಹಿತ ತ್ರಿಜ್ಯಗಳನ್ನೂ ಹೀಗೆಯೇ ಅಳೆದು ನೋಡಬೇಕೆಂಬ ಒತ್ತಾಯ ಅಲ್ಲಿಂದ ಹೆಚ್ಚಿತು.

ಎಲ್ಲಕ್ಕಿಂತ ಗಂಭೀರವಾದ ಪ್ರಶ್ನೆ ಎದ್ದದ್ದು ಎರಡನೆಯ ರಚನಾ ತಿದ್ದುಪಡಿಯಲ್ಲಿ. ಬೀಟಾ ಕ್ಷಯವನ್ನು ನಡೆಸುವ ಡಬ್ಲ್ಯೂ ಬೋಸಾನಿನ ಜೊತೆಗೆ ಒಂದು ಫೋಟಾನು ಕೂಡ ಪಾಸಿಟ್ರಾನು ಮತ್ತು ನ್ಯೂಕ್ಲಿಯಸ್ಸಿನ ನಡುವೆ ವಿನಿಮಯವಾಗುವ ಪ್ರಕ್ರಿಯೆಯೊಂದಿದೆ. ಇದು ಬಿಡಿ ನ್ಯೂಟ್ರಾನಿನಲ್ಲಿ ಎಷ್ಟೆಂಬುದನ್ನು 2006ರಲ್ಲಿ ವಿಲಿಯಂ ಮಾರ್ಸಿಯಾನೊ ಮತ್ತು ಆಲ್ಬರ್ಟೊ ಸಿರ್ಲಿನ್ ಲೆಕ್ಕ ಹಾಕಿದ್ದರು. ಅದನ್ನು ಒಳಗೊಂಡ, ಎಲ್ಲ ನ್ಯೂಕ್ಲಿಯಸ್ಸುಗಳಿಗೂ ಸಮಾನವಾದ ತಿದ್ದುಪಡಿ ಆಗ ಶೇಕಡ 2.361 ಇತ್ತು. ನ್ಯೂಟ್ರಿನೋ ಚದುರಿಕೆಯ ಮಾಹಿತಿಯನ್ನು ಬಳಸಿದ ಹೊಸ ವಿಧಾನದಿಂದ ಚಿಯೆನ್-ಯಾ ಸೆಂಗ್, ಮಿಖಾಯಿಲ್ ಗೋರ್ಚ್‌ಟೈನ್ ಮತ್ತು ಸಂಗಡಿಗರು 2018ರಲ್ಲಿ ಅದು ಶೇಕಡ 2.467 ಎಂದು ತೋರಿಸಿದರು. ಸಾವಿರಕ್ಕೆ ಒಂದು ಪಾಲಿನ ಈ ಏರಿಕೆಯೇ, 2015ರಲ್ಲಿ 0.9998ರಷ್ಟಿದ್ದು ಒಂದರೊಡನೆ ಸುಖವಾಗಿ ಹೊಂದಿಕೊಂಡಿದ್ದ ಮೊತ್ತವನ್ನು ಕೆಳಗೆ ತಳ್ಳಿದ ಮುಖ್ಯ ಕಾರಣ. ಆದರೆ ಇದೇ ಪ್ರಕ್ರಿಯೆ ನ್ಯೂಕ್ಲಿಯಸ್ಸಿನ ಒಳಗೆ ನಡೆದಾಗ ಡಬ್ಲ್ಯೂ ಬೋಸಾನು ಒಂದು ಕಣವನ್ನೂ ಫೋಟಾನು ಇನ್ನೊಂದನ್ನೂ ಮುಟ್ಟಬಹುದು, ನಡುವೆ ನ್ಯೂಕ್ಲಿಯಸ್ಸು ಕ್ಷಣಮಾತ್ರ ಉದ್ರಿಕ್ತವಾಗಬಹುದು, ಒಳಗಿನ ಕಣವೊಂದು ತನ್ನ ಸ್ಥಾನದಿಂದ ಚಿಮ್ಮಿ ಮರಳಬಹುದು. ಹಳೆಯ ಲೆಕ್ಕಗಳಲ್ಲಿ ಪೂರ್ತಿಯಾಗಿ ಸೇರಿರದ ಇಂತಹ ಎರಡು ಪರಿಣಾಮಗಳನ್ನು ಸೆಂಗ್ ಮತ್ತು ಗೋರ್ಚ್‌ಟೈನ್ 2019ರ ಸುಮಾರಿಗೆ ಗುರುತಿಸಿದರು. ಅವು ವಿರುದ್ಧ ದಿಕ್ಕಿನವಾಗಿದ್ದು ಬಹುಪಾಲು ಒಂದನ್ನೊಂದು ರದ್ದುಮಾಡಿದರೂ, ಎರಡರ ಗಾತ್ರವೂ ಸ್ಥೂಲ ಅಂದಾಜಾಗಿದ್ದರಿಂದ ದೊಡ್ಡ ಅನಿಶ್ಚಿತತೆಯನ್ನು ಬಿಟ್ಟುಹೋದವು. ಇದರ ಫಲವಾಗಿ ಹಾರ್ಡಿ ಮತ್ತು ಟೌನರ್ ಅವರ 2020ರ ಸಮೀಕ್ಷೆಯಲ್ಲಿ ತಿದ್ದಿದ ಎಫ್‌ಟಿ ಮೌಲ್ಯ 3072.24 ಸೆಕೆಂಡಾಗಿ ಬಹುಮಟ್ಟಿಗೆ ಅಲ್ಲಿಯೇ ಉಳಿದು, ಅನಿಶ್ಚಿತತೆ ಮಾತ್ರ 0.72ರಿಂದ 1.85 ಸೆಕೆಂಡಿಗೆ ಏರಿತು. ಐದು ವರ್ಷಗಳ ಹೊಸ ಅಳತೆಗಳ ಬಳಿಕ ಅನಿಶ್ಚಿತತೆ ಎರಡೂವರೆ ಪಟ್ಟಾದದ್ದು ಪ್ರಯೋಗದ ಸೋಲಲ್ಲ, ನ್ಯೂಕ್ಲಿಯಸ್ಸನ್ನು ಎಷ್ಟು ಬಲ್ಲೆವೆಂಬುದರ ಬಗೆಗಿನ ಹೆಚ್ಚು ಪ್ರಾಮಾಣಿಕವಾದ ಲೆಕ್ಕ.

ಎಲ್ಲ ಎಫ್‌ಟಿ ಮೌಲ್ಯಗಳೂ ಒಂದೇ ಗೆರೆಗೆ ಬರುವುದು ಎಷ್ಟರ ಮಟ್ಟಿಗಿನ ಪರೀಕ್ಷೆ ಎಂಬುದು ಈ ಹಂತದಲ್ಲಿ ಸ್ಪಷ್ಟವಾಗುತ್ತದೆ. ಒಂದು ನ್ಯೂಕ್ಲಿಯಸ್ಸಿನಿಂದ ಇನ್ನೊಂದಕ್ಕೆ ಬದಲಾಗುವ ತಪ್ಪನ್ನು ಆ ಪರೀಕ್ಷೆ ಹಿಡಿಯುತ್ತದೆ. ವನೇಡಿಯಂ-46ರಲ್ಲಿ ನಡೆದದ್ದು ಅದೇ. ಆದರೆ ಎಲ್ಲ ಹದಿನೈದರಲ್ಲಿಯೂ ಒಂದೇ ಪ್ರಮಾಣದಲ್ಲಿ ಬೆರೆತ ತಪ್ಪು ಅದಕ್ಕೆ ಕಾಣಿಸುವುದಿಲ್ಲ. ಸವೆದ ತೂಕದ ಕಲ್ಲಿನಿಂದ ತೂಗಿದ ಮೂಟೆಗಳೆಲ್ಲ ತಮ್ಮತಮ್ಮಲ್ಲಿ ಸಮನಾಗಿಯೇ ಇದ್ದು, ಅವುಗಳನ್ನು ಒಂದರೊಡನೊಂದು ಹೋಲಿಸುವುದರಿಂದ ಕಲ್ಲಿನ ಸವೆತ ತಿಳಿಯದಿರುವಂತೆ, ಎಫ್‌ಟಿ ಮೌಲ್ಯಗಳ ಪರಸ್ಪರ ಹೊಂದಾಣಿಕೆ ಅವುಗಳ ಸಾಮಾನ್ಯ ಬೆಲೆಯ ಸತ್ಯಕ್ಕೆ ಸಾಕ್ಷಿಯಾಗಲಾರದು. ವಿ-ಯುಡಿ ದೊರೆಯುವುದು ಮೌಲ್ಯಗಳ ಹೊಂದಾಣಿಕೆಯಿಂದಲ್ಲ, ಅವುಗಳ ಸಾಮಾನ್ಯ ಬೆಲೆಯಿಂದ. ಹೊಸ ಕಣದ ಸುಳಿವೂ ಎಲ್ಲ ನ್ಯೂಕ್ಲಿಯಸ್ಸುಗಳಿಗೂ ಸಮಾನವಾದ ಪಲ್ಲಟವಾಗಿಯೇ ಕಾಣಿಸಿಕೊಳ್ಳುವುದರಿಂದ, ರಚನೆಯ ಸಮಾನ ತಪ್ಪನ್ನೂ ಹೊಸ ಭೌತಶಾಸ್ತ್ರವನ್ನೂ ಈ ಮಾಹಿತಿಯೊಂದರಿಂದಲೇ ಬೇರ್ಪಡಿಸಲು ಸಾಧ್ಯವಿಲ್ಲ.

ಹಾಗೆಂದು ಗೆರೆಯ ಸಮತಟ್ಟಿಗೆ ಬೆಲೆಯಿಲ್ಲವೆಂದಲ್ಲ. ದುರ್ಬಲ ಬಲದಲ್ಲಿ ಅದಿಶ ಎಂಬ ಇನ್ನೊಂದು ಬಗೆಯ ಪ್ರವಾಹ ಅಡಗಿದ್ದರೆ ಅದರ ಪರಿಣಾಮವು ಪಾಸಿಟ್ರಾನಿನ ಶಕ್ತಿ ಕಡಿಮೆಯಿದ್ದಷ್ಟೂ ಹೆಚ್ಚಾಗಬೇಕು. ಕ್ಷಯಶಕ್ತಿ ಕಡಿಮೆಯಿರುವ ಕಾರ್ಬನ್-10 ಮತ್ತು ಆಕ್ಸಿಜನ್-14ರ ತುದಿಯಲ್ಲಿ ಗೆರೆ ಮೇಲಕ್ಕೋ ಕೆಳಕ್ಕೋ ಬಾಗಬೇಕು. ಅಂತಹ ಬಾಗು ಕಂಡುಬಂದಿಲ್ಲದಿರುವುದರಿಂದ ಅದಿಶ ಪ್ರವಾಹದ ಪರಿಣಾಮಕ್ಕೆ ಸಾವಿರಕ್ಕೆ ಕೆಲವೇ ಪಾಲುಗಳ ಮಿತಿ ಬಿದ್ದಿದೆ. ಟೆನ್ಸರ್ ಪ್ರವಾಹದ ಹುಡುಕಾಟವಾದರೋ ಗಾಮೊ-ಟೆಲರ್ ಕ್ಷಯಗಳಲ್ಲಿ ನಡೆಯುತ್ತದೆ. ಅಲ್ಲಿ ರಚನೆಯ ಪ್ರವೇಶ ಬೇರೆ ದಾರಿಯಿಂದ: ಕ್ಷಯದ ಹಿನ್ನೆಗೆತದಿಂದ ಶೇಕಡ ಒಂದರ ಆಸುಪಾಸಿನ ಚಿಕ್ಕ ಪದಗಳು ಹುಟ್ಟುತ್ತವೆ, ಅವು ಹೊಸ ಪ್ರವಾಹದ ವೇಷವನ್ನೇ ತೊಟ್ಟು ಬರಬಲ್ಲವು. ಆರ್ಗಾನ್ ಪ್ರಯೋಗಾಲಯದಲ್ಲಿ ಲಿಥಿಯಂ-8ನ್ನು ಬಲೆಯಲ್ಲಿ ಹಿಡಿದಿಟ್ಟು, ಅದು ಬೆರಿಲಿಯಂ-8 ಆಗಿ ಒಡನೆಯೇ ಎರಡು ಆಲ್ಫಾ ಕಣಗಳಾಗಿ ಒಡೆಯುವುದನ್ನು ಅಳೆದ ಪ್ರಯೋಗದಲ್ಲಿ ಈ ಪದಗಳೇ ದೊಡ್ಡ ತೊಡಕಾಗಿದ್ದವು. ಬೆರಿಲಿಯಂ-8 ಎರಡು ಆಲ್ಫಾ ಗುಂಪುಗಳಾಗಿ ಕೂಡಿಕೊಂಡಿರುವ ರಚನೆಯನ್ನು ಒಳಗೊಂಡ ಲೆಕ್ಕಾಚಾರವೊಂದು 2022ರಲ್ಲಿ ಆ ಪದಗಳ ಅನಿಶ್ಚಿತತೆಯನ್ನು ಗಣನೀಯವಾಗಿ ತಗ್ಗಿಸಿತು, ಟೆನ್ಸರ್ ಪ್ರವಾಹದ ಮೇಲಿನ ಮಿತಿ ಬಿಗಿಯಾದದ್ದು ಅದರಿಂದಲೇ.

ಈ ಲೆಕ್ಕಾಚಾರ ಯಾವ ಪಂಥಕ್ಕೆ ಸೇರಿದೆಯೋ ಅದರ ಮೇಲೆಯೇ ಈಗ ಎಲ್ಲರ ಕಣ್ಣು. ನ್ಯೂಕ್ಲಿಯಸ್ಸನ್ನು ಮುಚ್ಚಿದ ತಿರುಳು ಮತ್ತು ಹೊರಗಿನ ಕೆಲವು ಕಣಗಳೆಂದು ಸರಳಗೊಳಿಸದೆ, ಎಲ್ಲ ಕಣಗಳನ್ನೂ ಅವುಗಳ ನಡುವಣ ಮೂಲ ಬಲಗಳನ್ನೂ ಇಟ್ಟುಕೊಂಡು ಮೊದಲಿನಿಂದ ಲೆಕ್ಕ ಹಾಕುವುದು, ಅನಿಶ್ಚಿತತೆಯನ್ನೂ ಅದೇ ಚೌಕಟ್ಟಿನಿಂದ ಪಡೆಯುವುದು ಈ ಪಂಥದ ಗುರಿ. ಗಾಮೊ-ಟೆಲರ್ ಕ್ಷಯಗಳು ಲೆಕ್ಕಕ್ಕಿಂತ ನಿಧಾನವಾಗಿ ನಡೆಯುವುದನ್ನು ಸರಿದೂಗಿಸಲು ದಶಕಗಳ ಕಾಲ ಅಕ್ಷೀಯ ಪ್ರವಾಹದ ಬಲವನ್ನು ಸುಮಾರು 0.75ರಿಂದ ಗುಣಿಸಿಕೊಳ್ಳಲಾಗುತ್ತಿತ್ತು. ದುರ್ಬಲ ಬಲವು ಏಕಕಾಲಕ್ಕೆ ಎರಡು ಕಣಗಳನ್ನು ಮುಟ್ಟುವುದನ್ನೂ ಕಣಗಳ ನಡುವಣ ಗಾಢ ಸಹಸಂಬಂಧಗಳನ್ನೂ ಸರಿಯಾಗಿ ಸೇರಿಸಿಕೊಂಡರೆ ಆ ಗುಣಕದ ಅಗತ್ಯವೇ ಬೀಳದೆಂದು, ತವರ-100ರವರೆಗಿನ ನ್ಯೂಕ್ಲಿಯಸ್ಸುಗಳಿಗೆ ಲೆಕ್ಕ ಹಾಕಿದ ಅಂತರರಾಷ್ಟ್ರೀಯ ತಂಡವೊಂದು 2019ರಲ್ಲಿ ತೋರಿಸಿತು. ಅತ್ಯನುಮತ ಕ್ಷಯಗಳಲ್ಲಿ ಫೋಟಾನು ಮತ್ತು ಡಬ್ಲ್ಯೂ ಬೋಸಾನಿನ ಜಂಟಿ ವಿನಿಮಯಕ್ಕೂ ಇಂತಹ ಲೆಕ್ಕ ಮೊದಲಾಗಿದ್ದು, ಹತ್ತು ಕಣಗಳ ಕಾರ್ಬನ್-10ಕ್ಕೆ ದೊರೆತ ಮೊದಲ ಫಲಿತಾಂಶ ಹಳೆಯ ಅಂದಾಜಿಗೆ ವಿರುದ್ಧವಾಗಿಲ್ಲ. ಭಾರದ ನ್ಯೂಕ್ಲಿಯಸ್ಸುಗಳಿಗೆ ಹೋದಂತೆ ಗಣನೆಯ ಹೊರೆ ವಿಪರೀತ ಬೆಳೆಯುವುದರಿಂದ ಹದಿನೈದಕ್ಕೂ ಇಂತಹ ಲೆಕ್ಕ ಒಮ್ಮೆಗೇ ಸಿಗುವ ನಿರೀಕ್ಷೆಯಿಲ್ಲ.

ನ್ಯೂಕ್ಲಿಯಸ್ಸಿನ ಹಂಗೇ ಇಲ್ಲದ ಸಾಕ್ಷಿಗಳೂ ಎರಡಿವೆ. ಬಿಡಿ ನ್ಯೂಟ್ರಾನಿನ ಕ್ಷಯಕ್ಕೆ ರಚನೆಯ ತಿದ್ದುಪಡಿ ಬೇಡ, ಆದರೆ ಅದರಲ್ಲಿ ಸದಿಶ ಮತ್ತು ಅಕ್ಷೀಯ ಪ್ರವಾಹಗಳೆರಡೂ ಬೆರೆತಿರುವುದರಿಂದ ಆಯುಸ್ಸಿನ ಜೊತೆಗೆ ಅವುಗಳ ಅನುಪಾತವನ್ನೂ ಅಳೆಯಬೇಕು. ಆಯುಸ್ಸನ್ನು ನ್ಯೂಟ್ರಾನುಗಳನ್ನು ಕೂಡಿಟ್ಟು ಅಳೆದರೆ ಸುಮಾರು 878 ಸೆಕೆಂಡು, ಹರಿಯುವ ಕಿರಣದಲ್ಲಿ ಅಳೆದರೆ ಸುಮಾರು 888 ಸೆಕೆಂಡು ಬರುತ್ತಿರುವುದು ಇನ್ನೂ ಬಗೆಹರಿದಿಲ್ಲ. ಪೈಆನ್ ಕಣದ ಬೀಟಾ ಕ್ಷಯವು ಸಿದ್ಧಾಂತದ ದೃಷ್ಟಿಯಿಂದ ಎಲ್ಲಕ್ಕಿಂತ ಶುದ್ಧ, ಆದರೆ ಹತ್ತು ಕೋಟಿ ಪೈಆನುಗಳಲ್ಲಿ ಒಂದರಷ್ಟು ಮಾತ್ರ ಆ ದಾರಿ ಹಿಡಿಯುವುದರಿಂದ ಸ್ವಿಟ್ಜರ್ಲೆಂಡಿನ ಪಾಲ್ ಷೆರರ್ ಸಂಸ್ಥೆಯಲ್ಲಿ ಯೋಜಿತವಾಗಿರುವ ಪಯನೀರ್ ಪ್ರಯೋಗ ಫಲ ಕೊಡುವವರೆಗೆ ಅದರ ನಿಖರತೆ ನ್ಯೂಕ್ಲಿಯಸ್ಸುಗಳ ಸಮೀಪಕ್ಕೆ ಬಾರದು. ಮೊತ್ತದ ಇನ್ನೊಂದು ತುದಿಯಲ್ಲಿರುವ ಕೇಆನ್ ಕ್ಷಯಗಳಲ್ಲಿಯೂ ಎರಡು ವಿಧಾನಗಳು ಎರಡು ಉತ್ತರ ಕೊಡುತ್ತಿದ್ದು, ಕೊರತೆಯ ಹೊಣೆಯನ್ನು ಪೂರ್ತಿಯಾಗಿ ನ್ಯೂಕ್ಲಿಯಸ್ಸಿನ ಮೇಲೆ ಹೊರಿಸುವುದಕ್ಕೂ ಆಗುವುದಿಲ್ಲ.

ಆದ್ದರಿಂದ ಬೀಟಾ ಕ್ಷಯದಲ್ಲಿ ಹೊಸ ಭೌತಶಾಸ್ತ್ರದ ಸುಳಿವು ಸಿಕ್ಕಿತೆಂಬ ಸುದ್ದಿ ಬಂದಾಗ ಮೊದಲು ಕೇಳಬೇಕಾದದ್ದು ಕೊರತೆ ಅನಿಶ್ಚಿತತೆಯ ಎಷ್ಟು ಪಟ್ಟು ಎಂಬುದನ್ನಲ್ಲ, ಆ ಅನಿಶ್ಚಿತತೆಯಲ್ಲಿ ಎಷ್ಟು ಪಾಲನ್ನು ಅಳೆದು ಪಡೆಯಲಾಗಿದೆ, ಎಷ್ಟನ್ನು ಮಾದರಿಯಿಂದ ಅಂದಾಜು ಮಾಡಲಾಗಿದೆ ಎಂಬುದನ್ನು. ಅಳತೆಯ ಪಾಲು ಹೆಚ್ಚು ಪ್ರಯೋಗಗಳಿಂದ ಕುಗ್ಗುತ್ತದೆ. ಅಂದಾಜಿನ ಪಾಲು ನ್ಯೂಕ್ಲಿಯಸ್ಸನ್ನು ಇನ್ನೊಂದು ಸ್ವತಂತ್ರ ದಾರಿಯಿಂದ, ತ್ರಿಜ್ಯ, ಕನ್ನಡಿ ಜೋಡಿ, ಮೊದಲಿನಿಂದ ಹಾಕಿದ ಲೆಕ್ಕ ಇವುಗಳಲ್ಲೊಂದರಿಂದ, ಪರೀಕ್ಷಿಸದ ಹೊರತು ಕುಗ್ಗುವುದಿಲ್ಲ. ಹಲವು ನ್ಯೂಕ್ಲಿಯಸ್ಸುಗಳಿಗೆ ಹೊಸ ಲೆಕ್ಕಗಳು ಪೂರ್ಣಗೊಂಡ ಮೇಲೂ ಕೊರತೆ ಉಳಿದು, ನ್ಯೂಟ್ರಾನು ಕೂಡ ಅದೇ ವಿ-ಯುಡಿಯನ್ನು ಕೊಟ್ಟು, ಕೇಆನುಗಳ ಭಿನ್ನಾಭಿಪ್ರಾಯವೂ ತೀರಿದರೆ, ಪ್ರಮಿತ ಮಾದರಿಯನ್ನೇ ತಿದ್ದುವ ಮಾತಿಗೆ ಆಧಾರ ಸಿಗುತ್ತದೆ. ಕೊರತೆ ಕರಗಿಹೋದರೂ ನಷ್ಟವೇನಿಲ್ಲ. ನ್ಯೂಕ್ಲಿಯಸ್ಸನ್ನು ಸಾವಿರಕ್ಕೆ ಒಂದು ಪಾಲಿನ ನಿಖರತೆಯಲ್ಲಿ ವಿವರಿಸಬಲ್ಲ ಸಿದ್ಧಾಂತವು ಅದಕ್ಕಾಗಿಯೇ ರೂಪುಗೊಂಡಿರುತ್ತದೆ.